ನಮ್ಮ ಫೋಟೊ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದೆ?

ಪ್ರಶ್ನೆ: ನಾನು ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಲ್ಲಿ ಶಿಕ್ಷಕ. ಜೊತೆಗೆ ಸ್ವಲ್ಪ ಕಬ್ಬು, ಭತ್ತದ ಬೇಸಾಯವಿದೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದು ಎರಡು ವರ್ಷವಾಯಿತು. ಮಗಳು ಪುಣೆಯಲ್ಲಿದ್ದಾಳೆ, ಮಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾನೆ. ಮನೆಯವರೆಲ್ಲರ ಫೋನಿನಲ್ಲೂ ಜಾಗ ತುಂಬಿದೆ, ಇನ್ನಷ್ಟು ಬೇಕಾದರೆ ತಿಂಗಳಿಗಿಷ್ಟು ಕಟ್ಟಿ ಎಂದು ಸೂಚನೆ ಬರುತ್ತಿದೆ. ಕಣದ ಹತ್ತಿರ ಹಾಕಿಸಿದ ಕ್ಯಾಮೆರಾದ ಚಿತ್ರ ಎಲ್ಲಿಗೆ ಹೋಗಿ ನನ್ನ ಫೋನಿಗೆ ಬರುತ್ತದೋ ಗೊತ್ತಿಲ್ಲ. ಪಹಣಿ, ಬ್ಯಾಂಕ್ ಪಾಸ್‌ಬುಕ್, ಅವ್ವನ ಆಸ್ಪತ್ರೆಯ ಚೀಟಿ ಎಲ್ಲವೂ ವಾಟ್ಸ್ಆ್ಯಪ್‌ನಲ್ಲಿವೆ. ಮಗನ ಹಳೆಯ ಲ್ಯಾಪ್‌ಟಾಪ್ ಒಂದು ಕಪಾಟಿನಲ್ಲಿದೆ. ಅದನ್ನು ಸರ್ವರ್ ಮಾಡಿ ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳಬಹುದು ಎನ್ನುತ್ತಾನೆ. ನಮ್ಮಂಥ ಹಳ್ಳಿಮನೆಯಲ್ಲಿ ಅದು ಸಾಧ್ಯವೆ? ಅಪಾಯವೇನು?

ಉತ್ತರ: ಸಾಧ್ಯವಿದೆ ಮೇಷ್ಟ್ರೆ, ನಿಮ್ಮ ಮಗ ಸರಿಯಾಗಿಯೇ ಹೇಳಿದ್ದಾನೆ. ಆದರೆ ಎಲ್ಲವನ್ನೂ ಎನ್ನುವುದು ಬೇಡ. ಯಾವುದನ್ನು ಮನೆಯಲ್ಲಿಡಬೇಕು, ಯಾವುದನ್ನು ಹೊರಗೇ ಬಿಡಬೇಕು ಎಂಬುದು ತೀರ್ಮಾನವಾದರೆ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಪಕ್ಕದ ಧಾರವಾಡದ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜದ ಬಾಯಿ ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿರುತ್ತಿತ್ತು. ಸಾಹುಕಾರನ ಗೋದಾಮಿನ ಹಂಗು ಇರಲಿಲ್ಲ. ಆದರೆ ಮಳೆನೀರು ಇಳಿದು ಜೋಳ ಮುಗ್ಗಿದರೆ ಯಾರನ್ನೂ ದೂರುವಂತಿರಲಿಲ್ಲ. ಮನೆಯ ಸರ್ವರೂ ಹಾಗೆಯೇ. ಒಳಗಿರುವುದು ನಿಮ್ಮದಾಗುತ್ತದೆ, ಅದನ್ನು ಕಾಯುವ ಹೊಣೆಯೂ ನಿಮ್ಮದೇ ಆಗುತ್ತದೆ. ಈ ಎರಡನೆಯ ಮಾತನ್ನು ಹುಮ್ಮಸ್ಸಿನಲ್ಲಿ ಮರೆತವರು ಬಹಳ ಮಂದಿ. ಅವರಲ್ಲಿ ನಾನೂ ಒಬ್ಬ, ಆ ಕಥೆ ಮುಂದೆ ಹೇಳುತ್ತೇನೆ.

ಮೊದಲು, ಇದೆಲ್ಲ ಯಾಕೆ ಬೇಕು ಎಂದು ಊರಲ್ಲಿ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? 'ಮುಚ್ಚಿಡುವಂಥದ್ದು ನಿಮ್ಮಲ್ಲಿ ಏನಿದೆ?' ಎಂದು ಕೇಳುವವರು ಇದ್ದೇ ಇರುತ್ತಾರೆ. ಈ ಪ್ರಶ್ನೆಗೆ ದೇಶದಲ್ಲಿ ಉತ್ತರ ಬರುವಂತೆ ಮಾಡಿದವರು ಕರ್ನಾಟಕದವರೇ. ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ, ತೀರಿಕೊಂಡರು. ಅವ್ವನ ಆಸ್ಪತ್ರೆ ಚೀಟಿಯನ್ನು ಯಾರು ನೋಡಬೇಕು ಎಂದು ನೀವು ಕೇಳುವುದು ಗುಟ್ಟು ಮಾಡುವ ಮಾತಲ್ಲ, ನಿಮ್ಮ ಹಕ್ಕಿನ ಮಾತು.

ಇನ್ನು ಕೆಲಸಕ್ಕೆ ಬರೋಣ. ಸರ್ವರಿನ ಮಾತಿಗೆ ಮೊದಲು ಗೋಡೆಗೆ ತಗುಲಿಸಿರುವ ಆ ಬಿಳಿ ಪೆಟ್ಟಿಗೆಯನ್ನು ನೋಡಿ. ಫೈಬರ್ ಎಳೆದವರು ಅದನ್ನು ಹಚ್ಚಿ, ವೈಫೈ ಹೆಸರು ಹೇಳಿ ಹೋಗಿರುತ್ತಾರೆ. ಅದರ ಒಳಪುಟ ತೆರೆಯಲು ಬ್ರೌಸರಿನಲ್ಲಿ 192.168.1.1 ಎಂದು ಹೊಡೆಯಬೇಕು. ಪೆಟ್ಟಿಗೆಯ ಬೆನ್ನಿಗೆ ಬೇರೆ ಸಂಖ್ಯೆ ಬರೆದಿದ್ದರೆ ಅದನ್ನು ಹೊಡೆಯಿರಿ. ಬಹಳ ಮನೆಗಳಲ್ಲಿ ಆ ಪುಟದ ಹೆಸರೂ ಅಡ್ಮಿನ್, ಗುಟ್ಟುಪದವೂ ಅಡ್ಮಿನ್. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಅದರ ಕೈಯಲ್ಲಿ ಇದ್ದದ್ದು ಕಾರ್ಖಾನೆಯಲ್ಲೇ ಇಟ್ಟುಕೊಟ್ಟ ಅರವತ್ತು ಚಿಲ್ಲರೆ ಹೆಸರು-ಗುಟ್ಟುಪದಗಳ ಪಟ್ಟಿ, ಅಷ್ಟೇ. ಅದೇ ವರ್ಷ ಅಕ್ಟೋಬರ್ 21ರಂದು ಆ ಸೇನೆಯನ್ನು ಛೂಬಿಟ್ಟು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಮಲಗಿಸಿದರು. ಯಾರದೋ ಮನೆಯ ಪಡಸಾಲೆಯ ಕ್ಯಾಮೆರಾ, ಮನೆಯವರಿಗೆ ಗೊತ್ತೇ ಇಲ್ಲದೆ, ಆ ದಾಳಿಯಲ್ಲಿತ್ತು. ಹಾಗಾಗಿ ಇವತ್ತು ಸಂಜೆಯೇ ಆ ಗುಟ್ಟುಪದ ಬದಲಿಸಿ. ಡಬ್ಲ್ಯುಪಿಎಸ್ ಎಂಬ ಗುಂಡಿಯನ್ನೂ ಯುಪಿಎನ್‌ಪಿ ಎಂಬುದನ್ನೂ ನಿಲ್ಲಿಸಿಬಿಡಿ. ಯುಪಿಎನ್‌ಪಿ ಇದ್ದರೆ ಮನೆಯೊಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಹೊರಬಾಗಿಲು ತೆರೆದುಕೊಳ್ಳಬಹುದು.

ಕಂಪನಿ ಕೊಟ್ಟ ಪೆಟ್ಟಿಗೆಯನ್ನು ಕಂಪನಿ ದೂರದಿಂದಲೇ ತೆರೆದು ಬದಲಿಸಬಲ್ಲದು. ಅದಕ್ಕೆಂದೇ ಟಿಆರ್-069 ಎಂಬ ಏರ್ಪಾಡು ಇದೆ. ರಿಪೇರಿಗೆ ಅದು ಅನುಕೂಲವೇ. ಆದರೆ ಮನೆಯ ಬೀಗದ ಎರಡನೇ ಕೀಲಿ ಬೇರೆಯವರಲ್ಲಿ ಇರುವಾಗ ಬೆಲೆಬಾಳುವುದನ್ನು ಅದೇ ಕೋಣೆಯಲ್ಲಿ ಇಡುವುದಿಲ್ಲವಲ್ಲ. ಆದ್ದರಿಂದ ಆ ಪೆಟ್ಟಿಗೆಯ ಹಿಂದೆ ನಿಮ್ಮದೇ ಒಂದು ರೂಟರ್ ಹಾಕಿ. ಓಪನ್‌ಡಬ್ಲ್ಯುಆರ್‌ಟಿ ಹಾಕಲು ಬರುವಂಥದ್ದು ಸಿಕ್ಕರೆ ಉತ್ತಮ. ಅದು 2004ರಿಂದ ಬೆಳೆದು ಬಂದ ಮುಕ್ತ ತಂತ್ರಾಂಶ. ತಯಾರಕರು ಕೈಬಿಟ್ಟ ಹಳೆಯ ರೂಟರಿಗೂ ಅದರಿಂದ ಹೊಸ ಭದ್ರತಾ ತಿದ್ದುಪಡಿಗಳು ಸಿಗುತ್ತಿರುತ್ತವೆ. ಟಿವಿ, ಕ್ಯಾಮೆರಾ ಮತ್ತು ಬಂದು ಹೋಗುವ ನೆಂಟರ ಫೋನು ಅತಿಥಿ ವೈಫೈಯಲ್ಲಿ ಇರಲಿ. ನಿಮ್ಮ ಲ್ಯಾಪ್‌ಟಾಪ್, ಸರ್ವರ್, ಮನೆಯವರ ಫೋನು ಬೇರೆ ಜಾಲದಲ್ಲಿ. ಬಂದವರನ್ನು ಜಗಲಿಯಲ್ಲಿ ಕೂರಿಸಿ ಚಹಾ ಕೊಡುತ್ತೇವೆ, ದೇವರಕೋಣೆಗೆ ಕರೆದೊಯ್ಯುವುದಿಲ್ಲ.

ನಿಮ್ಮ ಮನೆಗೆ ಹಳೆಯ ಮಣ್ಣುಗೋಡೆ ಇದ್ದರೆ ಇನ್ನೊಂದು ಮಾತು. ದಪ್ಪ ಮಣ್ಣುಗೋಡೆ, ಕಲ್ಲುಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ. ವೇಗದ 5 ಗಿಗಾಹರ್ಟ್ಸ್ ಅಲೆಯಂತೂ ಎರಡು ಗೋಡೆ ದಾಟಿದರೆ ಇಲ್ಲವಾಗುತ್ತದೆ. ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆಗಳಿಗೆ ಹಣ ಸುರಿಯುವ ಬದಲು ಒಂದು ಕ್ಯಾಟ್-6 ಕೇಬಲ್ ಎಳೆಸಿ. 100 ಮೀಟರಿನವರೆಗೆ ಅದು ಸಲೀಸಾಗಿ ಹೋಗುತ್ತದೆ. ಸರ್ವರಿಗಂತೂ ತಂತಿಯೇ ಇರಲಿ. ಕಣದ ಕ್ಯಾಮೆರಾದವರೆಗೆ ಹೊರಗಿನಿಂದ ತಾಮ್ರದ ತಂತಿ ಎಳೆಯುವುದಾದರೆ ಮಾತ್ರ ಸಿಡಿಲಿನ ಮಾತು ನೆನಪಿರಲಿ, ಅದಕ್ಕೂ ಬರುತ್ತೇನೆ.

ಈಗ ಹಳೆಯ ಲ್ಯಾಪ್‌ಟಾಪ್. ನಿಮ್ಮ ಸೀಮೆಯ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿ ಇಂದು ದೂರದ ಊರುಗಳ ಪ್ರದರ್ಶನಗಳಿಗೂ ಹೋಗುತ್ತದೆ. ಹಳತನ್ನು ಎಸೆಯದೆ ಬೆಚ್ಚಗಿನ ಹೊಸತು ಮಾಡುವ ಆ ಗುಣ ಈ ಕೆಲಸಕ್ಕೂ ಬೇಕು. ಹಳೆಯ ಲ್ಯಾಪ್‌ಟಾಪ್ ಸರ್ವರಿಗೆ ಒಳ್ಳೆಯದೇ. ಕರೆಂಟು ಹೋದಾಗ ಅದರದ್ದೇ ಬ್ಯಾಟರಿ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ನಿಮ್ಮೂರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಬ್ಯಾಟರಿ ಉಬ್ಬಿದೆಯೇ ನೋಡಿ. ಕೀಲಿಮಣೆ ಸ್ವಲ್ಪ ಎದ್ದಂತೆ ಕಂಡರೂ, ತಳ ಮೇಜಿನ ಮೇಲೆ ಅಲುಗಿದರೂ ಆ ಬ್ಯಾಟರಿ ತೆಗೆಸಿಬಿಡಿ. ಹಗಲೂ ರಾತ್ರಿ ಚಾರ್ಜಿನಲ್ಲಿರುವ ಉಬ್ಬಿದ ಬ್ಯಾಟರಿ ಬೆಂಕಿಗೆ ಆಹ್ವಾನ. ಬ್ಯಾಟರಿ ತೆಗೆಸಿದರೆ ಒಂದು ಚಿಕ್ಕ ಯುಪಿಎಸ್ ಇರಲಿ, ಅದಕ್ಕೆ ರೂಟರನ್ನೂ ಸೇರಿಸಿ.

ಕರೆಂಟಿನ ಲೆಕ್ಕ ಸರಳ. ಸುಮ್ಮನೆ ಉರಿಯುವ ಲ್ಯಾಪ್‌ಟಾಪ್ ಸುಮಾರು 15 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ದಿನದ 24 ಗಂಟೆ, ತಿಂಗಳ 30 ದಿನ ಗುಣಿಸಿದರೆ 10.8 ಯೂನಿಟ್. ಹೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿಯ ನಿಮ್ಮ ಅರ್ಹ ಯೂನಿಟ್ ಎಷ್ಟೆಂದು ಬರೆದಿರುತ್ತದೆ. ಅದು ಎಲ್ಲರಿಗೂ ಇಡೀ 200 ಅಲ್ಲ, ನಿಮ್ಮ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಕಟ್ಟಿದ ಮಿತಿ. ಈಗಾಗಲೇ ಅದರ ಅಂಚಿನಲ್ಲಿದ್ದರೆ ಈ ಹನ್ನೊಂದು ಯೂನಿಟ್ಟಿಗೆ ಕೈಯಿಂದ ಕಟ್ಟಬೇಕಾಗುತ್ತದೆ. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಇದರ ಅರ್ಧಕ್ಕಿಂತ ಕಡಿಮೆಯಲ್ಲೇ ನಡೆಯುತ್ತದೆ, ಆದರೆ ಇರುವ ಲ್ಯಾಪ್‌ಟಾಪ್ ಬಿಟ್ಟು ಅದನ್ನು ಕೊಳ್ಳಬೇಕಾಗಿಲ್ಲ.

ಖರ್ಚು ನಿಜವಾಗಿ ಬರುವುದು ಡಿಸ್ಕಿನಲ್ಲಿ. ಇಲ್ಲಿ ನನ್ನ ಮಾತು ಖಡಾಖಂಡಿತ: ಮೂರು ಡಿಸ್ಕಿಗೆ ಹಣ ಹೊಂದುವವರೆಗೆ ಫೋಟೊಗಳನ್ನು ಈಗಿರುವ ಜಾಗದಿಂದ ಅಳಿಸಬೇಡಿ. ಒಂದು ಸರ್ವರಿನೊಳಗೆ, ಇನ್ನೊಂದು ವಾರಕ್ಕೊಮ್ಮೆ ಚುಚ್ಚಿ ನಕಲು ತೆಗೆದು ಕಪಾಟಿನಲ್ಲಿಡಲು, ಮೂರನೆಯದು ಬೇರೆ ಊರಿನಲ್ಲಿಡಲು. ನನ್ನ ಮನೆಯಲ್ಲಿ ಮೊದಲ ಸರ್ವರ್ ಕಟ್ಟಿದಾಗ ಎರಡು ಡಿಸ್ಕುಗಳನ್ನು ಒಂದೇ ಪೆಟ್ಟಿಗೆಯೊಳಗೆ ಜೋಡಿಸಿ, ಒಂದು ಹೋದರೆ ಇನ್ನೊಂದಿದೆ ಎಂದು ನೆಮ್ಮದಿಯಿಂದ ಇದ್ದೆ. ಒಂದು ಮೇ ತಿಂಗಳ ಸಂಜೆ, ಮಳೆ ಹನಿಯುವ ಮೊದಲೇ ಬಂದ ಸಿಡಿಲಿಗೆ ವಿದ್ಯುತ್ ತಂತಿಯಲ್ಲಿ ನುಗ್ಗಿದ ಒತ್ತಡ ಎರಡನ್ನೂ ಒಟ್ಟಿಗೆ ಸುಟ್ಟಿತು. ಅಪ್ಪನ ಕೊನೆಯ ಎರಡು ವರ್ಷದ ಚಿತ್ರಗಳು ಅದರಲ್ಲಿದ್ದವು. ಕೆಲವು ತಂಗಿಯ ಫೋನಿನಲ್ಲಿ, ವಾಟ್ಸ್ಆ್ಯಪ್ ಹಿಂಡಿ ಕಳಿಸಿದ ಸಣ್ಣ ಗಾತ್ರದಲ್ಲಿ ಸಿಕ್ಕವು. ಉಳಿದವು ಸಿಗಲಿಲ್ಲ. ಒಂದೇ ಯಂತ್ರದೊಳಗಿನ ಜೋಡಿ ಡಿಸ್ಕು ಬ್ಯಾಕಪ್ ಅಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೂ ಹಾಗೆಯೇ ಬಿಟ್ಟಿದ್ದೆ.

ಹಾಗಾಗಿ ಮೂರು ನಕಲು, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಿಂದ ಹೊರಗೆ ಎಂಬ ಛಾಯಾಗ್ರಾಹಕರ ಹಳೆಯ ನಿಯಮವನ್ನು ಪಾಲಿಸಿ. ನಿಮಗೆ ಹೊರಗಿನ ಜಾಗ ದೇವರೇ ಕೊಟ್ಟಿದ್ದಾನೆ: ಮಗ ಹುಬ್ಬಳ್ಳಿಯಲ್ಲಿದ್ದಾನೆ. ಅವನು ಹಬ್ಬಕ್ಕೆ ಬಂದಾಗಲೊಮ್ಮೆ ಡಿಸ್ಕ್ ಬದಲಿಸಿಕೊಂಡು ಹೋದರೆ ಸಾಕು. ಮನೆ ಬಿಟ್ಟು ಹೊರಡುವ ಆ ಡಿಸ್ಕಿಗೆ ಮಾತ್ರ ಗೂಢಲಿಪಿಯ ಬೀಗ ಇರಲೇಬೇಕು, ಬಸ್ಸಿನಲ್ಲಿ ಬ್ಯಾಗು ಕಳೆದರೂ ಯಾರಿಗೂ ಓದಲು ಬರಬಾರದು. ಮನೆಯಲ್ಲಿರುವ ಸರ್ವರಿಗೂ ಇಂಥ ಬೀಗ ಹಾಕಬಹುದು. ಆದರೆ ಪ್ರತಿಸಲ ಕರೆಂಟು ಹೋಗಿ ಬಂದಾಗ ಯಾರಾದರೂ ಗುಟ್ಟುಪದ ಹೊಡೆದು ತೆರೆಯಬೇಕು. ನೀವು ಶಾಲೆಯಲ್ಲಿರುವಾಗ ಅವ್ವ ಅದನ್ನು ಮಾಡಲಾರರು. ನಿಮ್ಮೂರಿನ ಕರೆಂಟು ನೆನೆದರೆ ನಾನು ಅದನ್ನು ಮೊದಲ ವರ್ಷ ಬಿಟ್ಟುಬಿಡಿ ಎನ್ನುತ್ತೇನೆ.

ಸಿಡಿಲಿಗೆ ಮೂರು ಕೆಲಸ. ಮನೆಯ ಅರ್ಥಿಂಗ್ ಜೀವಂತವಾಗಿದೆಯೇ ಎಂದು ತಿಳಿದ ಎಲೆಕ್ಟ್ರಿಶಿಯನ್ನರಿಂದ ನೋಡಿಸಿ, ಬೇಸಿಗೆಯಲ್ಲಿ ಅದರ ಗುಂಡಿ ಒಣಗಿ ಬಿರಿದಿರುತ್ತದೆ. ಫೈಬರ್ ಗಾಜಿನ ಎಳೆ, ಅದರೊಳಗಿಂದ ವಿದ್ಯುತ್ ಬರುವುದಿಲ್ಲ. ಬರುವುದು ರೂಟರಿನ ಅಡಾಪ್ಟರಿನಿಂದ ಮತ್ತು ಹೊರಗೆ ಎಳೆದ ತಾಮ್ರದ ತಂತಿಯಿಂದ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವ ಹಳ್ಳಿಯ ಪದ್ಧತಿಯನ್ನು ಸರ್ವರಿಗೂ ಅನ್ವಯಿಸಿ. ಕಣದ ಕ್ಯಾಮೆರಾವನ್ನು ವೈಫೈ ಮೂಲಕವೇ ಸೇರಿಸಿದರೆ ಒಂದು ತಂತಿಯ ಭಯ ಕಡಿಮೆ.

ಸರ್ವರಿನೊಳಗೆ ಏನು ಹಾಕಬೇಕು? ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಡಾಕರ್ ಎಂಬ ಏರ್ಪಾಡಿನಲ್ಲಿ ಒಂದೊಂದೇ ಸೇವೆ ಸೇರಿಸುತ್ತ ಹೋಗಿ. ಮಗನಿಗೆ ಇದು ತಿಳಿಯುತ್ತದೆ. ಫೋಟೊಗಳಿಗೆ ಇಮ್ಮಿಚ್ ಎಂಬ ತಂತ್ರಾಂಶ. ಫೋನಿನಲ್ಲಿ ಅದರ ಆ್ಯಪ್ ಹಾಕಿದರೆ ಮನೆಯ ವೈಫೈಗೆ ಸೇರಿದ ಕೂಡಲೇ ಹೊಸ ಚಿತ್ರಗಳನ್ನು ಮೂಲ ಗಾತ್ರದಲ್ಲೇ ಸರ್ವರಿಗೆ ಕಳಿಸುತ್ತದೆ. ಮುಖ ಗುರುತಿಸಿ ಅವ್ವನ ಚಿತ್ರಗಳನ್ನೆಲ್ಲ ಒಂದೆಡೆ ಕೂಡಿಸುವ ಕೆಲಸವೂ ನಿಮ್ಮ ಲ್ಯಾಪ್‌ಟಾಪಿನೊಳಗೇ ನಡೆಯುತ್ತದೆ, ಮುಖದ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ, ಕಡಿಮೆ ಇದ್ದರೆ ಮುಖ ಗುರುತಿಸುವುದನ್ನು ನಿಲ್ಲಿಸಿಡಬಹುದು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿದ ಮೇಲೆ ಮೇಲ್, ಕಡತ, ಫೋಟೊ ಎಲ್ಲ ಸೇರಿ 15 ಜಿಬಿಯಲ್ಲಿ ಹಿಡಿಯಬೇಕಾಗಿ ಬಂತು. ನಿಮ್ಮ ಫೋನು ತುಂಬಿದೆ ಎಂದು ಕೂಗುವುದಕ್ಕೆ ಅದೂ ಒಂದು ಕಾರಣ.

ನನಗೆ ಇದಕ್ಕಿಂತ ಪ್ರಿಯವಾದದ್ದು ಕಾಗದಪತ್ರಗಳ ಕೆಲಸ. ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಪಹಣಿ, ಪಟ್ಟಾ, ಆಸ್ಪತ್ರೆ ಚೀಟಿ, ಕಬ್ಬಿನ ತೂಕದ ರಸೀದಿಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಅದಕ್ಕೆ ಹಾಕಿದರೆ ಒಳಗಿನ ಅಕ್ಷರಗಳನ್ನು ಓದಿಟ್ಟುಕೊಳ್ಳುತ್ತದೆ. ಓದುವ ಕೆಲಸ ಟೆಸರಾಕ್ಟ್ ಎಂಬುದರದ್ದು, ಅದಕ್ಕೆ ಕನ್ನಡವೂ ಬರುತ್ತದೆ. ಆದರೆ ಕನ್ನಡ ಭಾಷೆಯ ಕಟ್ಟನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರವೆಂದು ತಿಳಿದು ಏನೇನೋ ಓದುತ್ತದೆ. ಭೂಮಿ ಯೋಜನೆಯ ಮುದ್ರಿತ ಪಹಣಿಯನ್ನು ಚೆನ್ನಾಗಿ ಓದುತ್ತದೆ, ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತದೆ, ಅಜ್ಜನ ಕಾಲದ ಕೈಬರಹದ ಮುಂದೆ ಸೋಲುತ್ತದೆ. ಅಂಥದ್ದಕ್ಕೆ ನೀವೇ ಒಂದು ಶೀರ್ಷಿಕೆ ಬರೆದಿಡಿ. ನೀವು ಶಿಕ್ಷಕರು, ಹಳೆಯ ಪ್ರಶ್ನೆಪತ್ರಿಕೆಗಳು ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬಿದ್ದಿರಬಹುದು. ಅವು ಯೂನಿಕೋಡ್ ಅಲ್ಲ, ಹುಡುಕಿದರೆ ಸಿಗುವುದಿಲ್ಲ, ಇನ್ನೊಂದು ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ ಹರಕುಮುರುಕು ಕಾಣುತ್ತದೆ. ಒಂದು ರಜೆಯಲ್ಲಿ ಕೂತು ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಇಡಿ. ಮನೆಯ ಸರ್ವರಿನಲ್ಲಿ ಇಪ್ಪತ್ತು ವರ್ಷ ಉಳಿಯಬೇಕಾದ್ದು ಓದಲೂ ಬರಬೇಕು.

ಕಿವಿಕ್ಸ್ ಎಂಬುದನ್ನೂ ಹಾಕಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು, ಫೋನಿನ ಮೆಮೊರಿ ಕಾರ್ಡಿನಲ್ಲೂ ಹಿಡಿಯುವಷ್ಟೇ ಗಾತ್ರ. ಫೈಬರ್ ತುಂಡಾಗಿ ವಾರ ಕಾಯಬೇಕಾದ ದಿನಗಳಲ್ಲಿ ನೆರೆಮನೆಯ ಮಕ್ಕಳು ನಿಮ್ಮ ಜಗಲಿಯಲ್ಲಿ ಕೂತು ಓದಬಹುದು. ಯಾರು ಏನು ಹುಡುಕಿದರು ಎಂದು ಯಾವ ಕಂಪನಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಇದು ಕಲ್ಪನೆಯ ಮಾತಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಊರವರದೇ ವೈಫೈ ಜಾಲ ಕಟ್ಟಿದ್ದಾರೆ. ಕೌಮೆಷ್ ಎಂದು ಅದರ ಹೆಸರು. ಮನೆಯಿಂದ ಮನೆಗೆ ಸಂಕೇತ ದಾಟಿಸುವ ರೂಟರುಗಳು, ಪುಟ್ಟ ಕಂಪ್ಯೂಟರಿನ ಸರ್ವರುಗಳು, ಓದು ಬರಹ ಬಾರದವರೂ ಬಳಸಲಾಗುವಂತೆ ದನಿಯಲ್ಲೇ ದಾಖಲಿಸಿದ ಕಥೆ, ಅನುಭವಗಳು. ಇಂಟರ್‌ನೆಟ್ ಇಲ್ಲದಿದ್ದರೂ ಊರೊಳಗಿನ ಮಾತು ಊರೊಳಗೆ ಸಿಗುತ್ತದೆ. ನನಗೆ ಅದರಲ್ಲಿ ಹಿಡಿಸಿದ್ದು ಒಂದೇ: ಯಂತ್ರಕ್ಕಿಂತ ಮೊದಲು, ಇದು ಯಾರದ್ದು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡರು.

ಪುಣೆಯಲ್ಲಿರುವ ಮಗಳು ಇವನ್ನು ನೋಡುವುದು ಹೇಗೆ? ಎಡವುವ ಜಾಗ ಇದೇ. ರೂಟರಿನಲ್ಲಿ ಒಂದು ಪೋರ್ಟ್ ತೆರೆದು ಫೋಟೊ ಸರ್ವರನ್ನು ನೇರ ಹೊರಲೋಕಕ್ಕೆ ಇಡುವುದು ಸುಲಭದ ದಾರಿ. ದಯವಿಟ್ಟು ಹಾಗೆ ಮಾಡಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ, ಹೀಗೆ ಹೊರಗೆ ತೆರೆದಿಟ್ಟ ಕ್ಯೂನ್ಯಾಪ್ ಸಂಗ್ರಹ ಪೆಟ್ಟಿಗೆಗಳನ್ನು ಹುಡುಕಿ ಸಾವಿರಾರು ಮನೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬದಲಿಗೆ ವೈರ್‌ಗಾರ್ಡ್ ಬಳಸಿ. ಅದು ನಿಮ್ಮ ಮನೆಗೂ ಮಗಳ ಫೋನಿಗೂ ನಡುವೆ ಗೂಢಲಿಪಿಯ ಒಂದು ಸುರಂಗ ಕೊರೆಯುತ್ತದೆ. ಅದರ ಗುಣ ನನಗೆ ಬಹಳ ಇಷ್ಟ: ಸರಿಯಾದ ಕೀಲಿಯಿಲ್ಲದವರು ಬಾಗಿಲು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ, ಅಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯುವುದಿಲ್ಲ. 2020ರ ಮಾರ್ಚಿನಲ್ಲಿ ಅದು ಲಿನಕ್ಸಿನ ಕರ್ನಲ್ಲಿಗೇ ಸೇರಿತು, ಬೇರೆಯಾಗಿ ಹುಡುಕಿ ತರಬೇಕಾಗಿಲ್ಲ.

ಒಂದು ತೊಡಕು ಬರಬಹುದು. ಹೊರಗಿನಿಂದ ನಿಮ್ಮ ಮನೆಯನ್ನು ತಲುಪಲು ವಿಳಾಸ ಬೇಕಲ್ಲ. ಕಂಪನಿ ಕೊಟ್ಟ ಪೆಟ್ಟಿಗೆಯ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ಸಂಖ್ಯೆ ಕಾಣುತ್ತದೆ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ಕಂಪನಿ ಒಂದೇ ಹೊರವಿಳಾಸವನ್ನು ನೂರಾರು ಮನೆಗಳಿಗೆ ಹಂಚಿದೆ ಎಂದರ್ಥ. ಇಡೀ ವಠಾರಕ್ಕೆ ಒಂದೇ ಮನೆಸಂಖ್ಯೆ ಕೊಟ್ಟಂತೆ, ಅಂಚೆಯವ ನಿಮ್ಮ ಬಾಗಿಲಿಗೆ ಬರಲಾರ. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ. ದಾರಿ ಇಲ್ಲದಿಲ್ಲ. ಐಪಿವಿ6 ವಿಳಾಸ ಸಿಗುತ್ತಿದ್ದರೆ ಅದರಲ್ಲಿ ನೇರವಾಗಿ ಬರಬಹುದು, ಮಗಳ ಫೋನಿನ ಕಡೆಯೂ ಐಪಿವಿ6 ಇರಬೇಕು ಅಷ್ಟೇ. ಇಲ್ಲವೇ ಟೇಲ್‌ಸ್ಕೇಲ್‌ನಂಥ ಸೇವೆ ಹಿಡಿಯಬೇಕು. ಅದೂ ವೈರ್‌ಗಾರ್ಡಿನ ಮೇಲೆಯೇ ನಿಂತದ್ದು. ನಿಮ್ಮ ಚಿತ್ರಗಳನ್ನು ಅವರು ನೋಡಲಾರರು. ಆದರೆ ನಿಮ್ಮಲ್ಲಿ ಎಷ್ಟು ಸಾಧನಗಳಿವೆ, ಯಾವಾಗ ಸೇರಿಕೊಂಡವು ಎಂಬುದು ಅವರಿಗೆ ತಿಳಿಯುತ್ತದೆ. ಆ ಮಧ್ಯವರ್ತಿಯೂ ಬೇಡವೆನ್ನುವವರಿಗೆ ಹೆಡ್‌ಸ್ಕೇಲ್ ಇದೆ, ಅದಕ್ಕೆ ಹೊರಗೆಲ್ಲೋ ಬಾಡಿಗೆಯ ಸಣ್ಣ ಸರ್ವರ್ ಬೇಕು. ಮೊದಲ ವರ್ಷ ನಾನು ನಿಮ್ಮ ಜಾಗದಲ್ಲಿದ್ದರೆ ಟೇಲ್‌ಸ್ಕೇಲ್ ಒಪ್ಪಿಕೊಳ್ಳುತ್ತಿದ್ದೆ. ಪೂರ್ತಿ ಶುದ್ಧವಾಗಬೇಕೆಂದು ಕೂತು ಏನೂ ಮಾಡದಿರುವುದಕ್ಕಿಂತ, ಏನನ್ನು ಯಾರಿಗೆ ಬಿಟ್ಟುಕೊಟ್ಟೆ ಎಂದು ತಿಳಿದು ಬಿಟ್ಟುಕೊಡುವುದು ಮೇಲು.

ನೋಡಿದ್ದೇ ಜಾಹೀರಾತಾಗಿ ಬರುವ ಕಾಟಕ್ಕೆ ಪೈ-ಹೋಲ್ ಅಥವಾ ಆ್ಯಡ್‌ಗಾರ್ಡ್ ಹೋಮ್ ಹಾಕುತ್ತಾರೆ. ಫೋನು ಪ್ರತಿ ತಾಣದ ಹೆಸರಿಗೂ ವಿಳಾಸ ಕೇಳುತ್ತದೆ. ಆ ಪ್ರಶ್ನೆ ನಿಮ್ಮ ಸರ್ವರಿಗೆ ಬಂದಾಗ, ಬೆನ್ನು ಹತ್ತುವ ಕಂಪನಿಗಳ ಹೆಸರಿದ್ದರೆ 'ಇಲ್ಲ' ಎಂದು ಕಳಿಸುವುದು ಇದರ ಕೆಲಸ. ಮೊದಲ ದಿನ ಅದರ ಪುಟ ನೋಡಿ, ಮನೆಯ ಟಿವಿ ಯಾರೂ ನೋಡದ ಹೊತ್ತಿನಲ್ಲೂ ಎಷ್ಟು ಸಲ ತನ್ನ ಕಂಪನಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಕಾಣುತ್ತದೆ. ಆದರೆ ಯೂಟ್ಯೂಬಿನ ಜಾಹೀರಾತು ಇದರಿಂದ ನಿಲ್ಲುವುದಿಲ್ಲ, ಅವು ವಿಡಿಯೊ ಬರುವ ದಾರಿಯಲ್ಲೇ ಬರುತ್ತವೆ. ಸರ್ವರ್ ಮಲಗಿದರೆ ಇಡೀ ಮನೆಯ ಇಂಟರ್‌ನೆಟ್ ನಿಂತಂತೆ ಕಾಣುತ್ತದೆ ಎಂಬುದೂ ಗೊತ್ತಿರಲಿ, ಈ ತಡೆಯನ್ನು ತೆಗೆದುಹಾಕುವ ಬಗೆಯನ್ನು ಮನೆಯ ಇನ್ನೊಬ್ಬರಿಗೆ ಕಲಿಸಿ.

ಕ್ಯಾಮೆರಾ. ಕ್ಯೂಆರ್ ಕೋಡ್ ತೋರಿಸಿ ಆ್ಯಪ್‌ಗೆ ಸೇರಿಸುವ ಅಗ್ಗದ ಕ್ಯಾಮೆರಾಗಳು ಸಾಮಾನ್ಯವಾಗಿ ತಯಾರಕರ ಸರ್ವರನ್ನು ಹಿಡಿದೇ ನಿಮ್ಮ ಫೋನಿಗೆ ದಾರಿ ಮಾಡುತ್ತವೆ. ನಿಮ್ಮದಕ್ಕೆ ಆರ್‌ಟಿಎಸ್‌ಪಿ ಅಥವಾ ಆನ್‌ವಿಫ್ ಎಂಬ ಸೌಲಭ್ಯ ಇದೆಯೇ ನೋಡಿ. ಇದ್ದರೆ ಫ್ರಿಗೇಟ್ ಎಂಬ ತಂತ್ರಾಂಶದಲ್ಲಿ ಮನೆಯ ಡಿಸ್ಕಿಗೇ ಚಿತ್ರ ಬರೆಸಿ, ರೂಟರಿನಲ್ಲಿ ಆ ಕ್ಯಾಮೆರಾಕ್ಕೆ ಹೊರಗಿನ ಇಂಟರ್‌ನೆಟ್ ಪೂರ್ತಿ ಕಡಿದುಬಿಡಬಹುದು. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಕಣದ ಕ್ಯಾಮೆರಾ ಯಾರನ್ನು ನೋಡುತ್ತಿದೆ? ಕೂಲಿಗೆ ಬಂದ ಹೆಂಗಸರು ಮರದಡಿ ಬುತ್ತಿ ಬಿಚ್ಚಿ ಕೂರುವ ಜಾಗ, ನೆರೆಯವರ ಹಿತ್ತಿಲು, ನೀರಿಗೆ ಹೋಗುವ ದಾರಿ ಅದರಲ್ಲಿ ಕಾಣುತ್ತಿದ್ದರೆ ಮುಖ ತಿರುಗಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮನೆಯ ಸ್ವಂತ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸುವುದಿಲ್ಲ. ಕಾಯ್ದೆ ಬಿಟ್ಟರೂ ಅವರ ಖಾಸಗಿತನ ನಮ್ಮದರಷ್ಟೇ ದೊಡ್ಡದು.

ಇಮೇಲ್ ಸರ್ವರನ್ನು ಮಾತ್ರ ಮನೆಯಲ್ಲಿ ಕಟ್ಟಬೇಡಿ. ಮನೆಯ ಸಂಪರ್ಕದಿಂದ ಹೊರಟ ಅಂಚೆಯನ್ನು ದೊಡ್ಡ ಕಂಪನಿಗಳು ಕಸವೆಂದು ಬದಿಗೆ ತಳ್ಳುತ್ತವೆ, ಮಗಳ ಕೆಲಸದ ಪತ್ರವೊಂದು ಹಾಗೆ ತಪ್ಪಿಹೋದರೆ ಯಾವ ಖಾಸಗಿತನವೂ ಸಮಾಧಾನ ಕೊಡದು. ಬ್ಯಾಂಕಿನ ಗುಟ್ಟುಪದಗಳನ್ನೂ ಸದ್ಯಕ್ಕೆ ಸರ್ವರಿಗೆ ತರಬೇಡಿ. ಕೀಪಾಸ್ ಎಂಬ ಒಂದೇ ಬೀಗದ ಕಡತ ಸಾಕು.

ಇಷ್ಟೆಲ್ಲ ಕಟ್ಟಿದ ಮೇಲೂ ಒಂದು ಬಾಗಿಲು ಉಳಿಯುತ್ತದೆ, ನಾವೇ ನಂಬಿ ತೆರೆಯುವ ಕಡತ. ನಿಮ್ಮದೇ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರ ದೊಡ್ಡ ವಸತಿ ಇದೆ. ಆ ಸಮುದಾಯ ಈ ಪಾಠವನ್ನು ಬಹಳ ಕಷ್ಟದಿಂದ ಕಲಿಯಿತು. ಧರ್ಮಶಾಲೆಯ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳಲ್ಲಿ ಯಾರೋ ಇಣುಕುತ್ತಿದ್ದಾರೆಂಬ ಅನುಮಾನ ಬಂದು ಸಂಶೋಧಕರು ಪರೀಕ್ಷಿಸಿದರು. 2009ರ ಮಾರ್ಚಿನಲ್ಲಿ ಹೊರಬಂದ ವರದಿ 103 ದೇಶಗಳ 1,295 ಕಂಪ್ಯೂಟರುಗಳಲ್ಲಿ ಅದೇ ಬೇಹುಗಾರಿಕೆಯ ಜಾಲ ಹರಡಿದ್ದನ್ನು ತೋರಿಸಿತು. ಘೋಸ್ಟ್‌ನೆಟ್ ಎಂದು ಅದಕ್ಕೆ ಹೆಸರಿಟ್ಟರು. ಒಳಗೆ ಬಂದ ದಾರಿ, ಪರಿಚಿತರು ಕಳಿಸಿದಂತೆ ಕಾಣುವ ಮೇಲಿಗೆ ಅಂಟಿಸಿದ ಕಡತ. ಆಮೇಲೆ ಟಿಬೆಟನ್ ಕಾರ್ಯಕರ್ತರು, ಮೋಹ ಬಿಡಿ ಎಂಬ ಬುದ್ಧನ ಮಾತನ್ನೇ ಹಿಡಿದು, ಅಂಟಿಬಂದ ಕಡತದ ಮೋಹ ಬಿಡಿ ಎಂದು ಭಿಕ್ಷುಗಳಿಗೆ ಹೇಳಿಕೊಟ್ಟರು. ಈಗ ಅದೇ ಕಡತ ನಮ್ಮ ಹಳ್ಳಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆಯಾಗಿ, ಆರ್‌ಟಿಒ ದಂಡದ ಚೀಟಿಯಾಗಿ, ಎಪಿಕೆ ಎಂಬ ಬಾಲ ಕಟ್ಟಿಕೊಂಡು ಬರುತ್ತಿದೆ. ನಿಮ್ಮ ಫೋನಿನಲ್ಲಿ ಅದನ್ನು ತೆರೆದರೆ, ಸರ್ವರ್ ನಿಮ್ಮ ಕಪಾಟಿನಲ್ಲಿ ಇದ್ದೂ ಪ್ರಯೋಜನವಿಲ್ಲ.

ಎಲ್ಲ ಕೆಲಸ ಮಗ ಒಬ್ಬನೇ ಮಾಡಿ ಹುಬ್ಬಳ್ಳಿಗೆ ಹೋದರೆ ಆ ಲ್ಯಾಪ್‌ಟಾಪ್ ಎರಡೇ ತಿಂಗಳಲ್ಲಿ ಒಗಟಾಗುತ್ತದೆ. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಕನ್ನಡದಲ್ಲಿ, ನಿಮ್ಮ ಕೈಯಿಂದಲೇ ಬರೆದಿಡಿ: ಯಾವ ಪ್ಲಗ್ ಯಾವುದು, ಯಾವ ಗುಟ್ಟುಪದ ಎಲ್ಲಿಗೆ, ಡಿಸ್ಕ್ ನಕಲು ತೆಗೆದ ದಿನಾಂಕ, ಸರ್ವರ್ ಎದ್ದೇಳದಿದ್ದರೆ ಕಪಾಟಿನ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ಫೋಟೊ ನೋಡುವ ಬಗೆ. ಆ ನೋಟ್‌ಬುಕ್ ಜಮೀನಿನ ಕಾಗದಗಳ ಟ್ರಂಕಿನಲ್ಲಿರಲಿ. ತಿಂಗಳಿಗೊಂದು ಭಾನುವಾರ ತಂತ್ರಾಂಶಗಳನ್ನು ಹೊಸದು ಮಾಡಿ, ಮಾಡಿದ್ದನ್ನು ಅದರಲ್ಲೇ ಬರೆಯಿರಿ. ವರ್ಷಕ್ಕೆರಡು ಸಲ ಬ್ಯಾಕಪ್ಪಿನಿಂದ ಹತ್ತು ಫೋಟೊ ನಿಜವಾಗಿ ತೆರೆದು ನೋಡಿ.

ಈ ವಾರ ಇಷ್ಟು ಮಾಡಿ: ರೂಟರಿನ ಗುಟ್ಟುಪದ ಬದಲಿಸಿ, ಲ್ಯಾಪ್‌ಟಾಪಿನ ಬ್ಯಾಟರಿ ತಡವಿ ನೋಡಿ, ಅವ್ವನ ಚೀಟಿಗಳನ್ನು ಒಂದು ಕಡೆ ಸೇರಿಸಿ. ವ್ಯಾನ್ ಐಪಿಯ ಮೊದಲ ಎರಡು ಸಂಖ್ಯೆಗಳನ್ನು ನನಗೆ ಬರೆದು ಕಳಿಸಿ, ಮಗಳಿಗೆ ಯಾವ ದಾರಿ ಹಿಡಿಸಬೇಕೆಂದು ಹೇಳುತ್ತೇನೆ. ಪೂರ್ತಿ ವಿಳಾಸ ಕಳಿಸಬೇಡಿ, ಅದು ನನಗೂ ಗೊತ್ತಾಗಬೇಕಿಲ್ಲ.